ಬಿಡಿಸಬಾರದ ನೆರಳು

“ಫೋಟೋದ ಆ ಮೂಲೆ ಕಪ್ಪಾಗೇ ಇರ್ಲಿ. ಅದನ್ನ ಬಿಡಿಸೋಕೆ ಹೋಗ್ಬೇಡ,” ಎಂದಳು ಅತ್ತೆ. ಸೊಸೆಯ ಕೈಲಿದ್ದ ಹಳೆಯ ಲಕೋಟೆಯನ್ನು ಕಿತ್ತುಕೊಳ್ಳಲು ನೋಡಿದಳು. ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಅವಳ ತೋಳು ಅಷ್ಟು ದೂರ ಚಾಚಲಿಲ್ಲ.

ಸೊಸೆ ನಕ್ಕಳು. ಅವಳು ಆ ಮನೆಗೂ ಮನೆಯ ಮುಂಭಾಗದ ಸ್ಟುಡಿಯೋಗೂ ಬಂದು ಮೂರೇ ತಿಂಗಳು. ಕಪ್ಪು-ಬಿಳುಪು ಚಿತ್ರ ಅಚ್ಚಿಳಿಸುವುದರಲ್ಲಿ ಪಳಗಿದ ಕೈ. ಬೇರೆಯವರ ಪ್ರಿಂಟಿನಲ್ಲಿ ಮಸಿ ಮೆತ್ತಿದಂತೆ ಕಾಣುವ ನೆರಳಿನೊಳಗಿಂದ ಕೋಟಿನ ಗುಂಡಿ, ಕಣ್ಣಿನ ರೆಪ್ಪೆ ಎಬ್ಬಿಸಿ ತೋರಿಸುವವಳು. ಗಂಡನ ಬಳಿ ಅವನ ಅಪ್ಪನದೆಂದು ಒಂದು ಫೋಟೋ ಕೂಡ ಇರಲಿಲ್ಲ. ಅವನಿಗೆ ಎರಡು ವರ್ಷವಿದ್ದಾಗ ಅಪ್ಪ ಮನೆ ಬಿಟ್ಟು ಹೋದನಂತೆ, ಅಷ್ಟೇ ಗೊತ್ತು. ಈಗ ಬೀರುವಿನ ತಳದಲ್ಲಿ, ಈ ಲಕೋಟೆಯೊಳಗೆ, ಒಂದು ನೆಗೆಟಿವ್ ಸಿಕ್ಕಿತ್ತು. ಕುರ್ಚಿಯಲ್ಲಿ ಹರೆಯದ ಅತ್ತೆ, ಅವಳ ತೊಡೆಯ ಮೇಲೆ ಮಗು, ಹಿಂದೆ ಗಾಢ ಕತ್ತಲು. ಆ ಕತ್ತಲಲ್ಲಿ, ಇದ್ದೂ ಇಲ್ಲದ ಹಾಗೆ, ಒಬ್ಬ ಗಂಡಸು.

“ನೆಗೆಟಿವ್‌ಗೆ ಉಗುರು, ಕೂದಲು ಸೇರಿಸಿ ದಾರ ಸುತ್ತಿದ್ದೀರಲ್ಲ ಅತ್ತೆ. ಇದೇನು, ಮಾಟಾನಾ?”

ಅತ್ತೆಯ ಮುಖ ಬಿಳಿಚಿಕೊಂಡಿತು. “ಹೌದು, ನಾನೇ ಮಾಡ್ಸಿದ್ದು. ಇನ್ನೊಂದು ದಿನ ಬಿಟ್ಟಿದ್ರೆ ನನ್ನನ್ನೂ ಮಗೂನೂ ಕೊಂದುಬಿಡ್ತಿದ್ದ. ಅವನನ್ನ ಕಟ್ಟಿ ಹಾಕಿದ ಕತ್ತಲು ಕಣೇ ಅದು. ಯಾರಾದ್ರೂ ಅವನ ಮುಖ ನೋಡಿದ್ರೆ ಎದ್ದು ಬರ್ತಾನೆ.”

“ಬರ್ಲಿ ಬಿಡಿ, ಕುರ್ಚಿ ಹಾಕೋಣ. ಸೊಸೆ ಮುಖ ಅವರೂ ನೋಡಿಲ್ವಲ್ಲ!”

ಮರುದಿನ ಮಧ್ಯಾಹ್ನ ಗಂಡ ಯಾರದೋ ಮನೆಗೆ ಫೋಟೋ ತೆಗೆಯಲು ಹೋಗಿದ್ದ. ಅತ್ತೆ ಮಲಗಿದ್ದಳು. ಸೊಸೆ ಡಾರ್ಕ್‌ರೂಮಿನ ಬಾಗಿಲು ಹಾಕಿಕೊಂಡು, ದಾರವನ್ನು ಹಲ್ಲಿನಿಂದ ಕಡಿದು, ಉಗುರು-ಕೂದಲನ್ನು ಕಸದ ಬುಟ್ಟಿಗೆ ಕೊಡವಿದಳು.

ಕೆಂಪು ದೀಪದ ಮಂಕು. ದ್ರಾವಣಗಳ ಹುಳಿ ನಾತ ಮೂಗಿಗಡರುತ್ತಿತ್ತು. ನಲ್ಲಿ ತೊಟ್ಟಿಕ್ಕುತ್ತಿತ್ತು.

ಮೊದಲ ಪ್ರಿಂಟಿನಲ್ಲಿ ಹಿಂಭಾಗವೆಲ್ಲ ಇದ್ದಿಲು. ಬೆಳಕು ಹೆಚ್ಚು ಬಿದ್ದಲ್ಲಿ ಕಾಗದ ಕಪ್ಪಾಗುತ್ತದೆ. ಆ ಜಾಗಕ್ಕಷ್ಟೇ ಬೆಳಕು ತಡೆದರೆ ಕಪ್ಪು ತಿಳಿಯಾಗಿ ಒಳಗಿನದು ಕಾಣುತ್ತದೆ. ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು ಅವಳು ಎನ್ಲಾರ್ಜರಿನ ಬೆಳಕಿಗೆ ಅಡ್ಡ ಹಿಡಿದು ಮೆಲ್ಲಗೆ ಆಡಿಸಿದಳು. ಎರಡನೇ ಪ್ರಿಂಟಿಗೆ ಆರು ಸೆಕೆಂಡು. ಪರದೆಯ ಮಡಿಕೆಗಳು ಎದ್ದವು. ಮೂರನೆಯದಕ್ಕೆ ಒಂಬತ್ತು ಸೆಕೆಂಡು. ಬೂಟು, ಕೋಟು, ಒಂದು ಕೈ.

ಕೈ ಕುರ್ಚಿಯ ಮೇಲಿರಲಿಲ್ಲ. ಹಿಂದಿನಿಂದ ಬಂದು ಅತ್ತೆಯ ಕತ್ತನ್ನು ಹಿಸುಕಿ ಹಿಡಿದಿತ್ತು. ಕ್ಯಾಮೆರಾ ಕಡೆಗೆ ನಗುತ್ತಿದ್ದ ಅವಳ ಕುತ್ತಿಗೆಯ ನರ ಉಬ್ಬಿತ್ತು.

ಸೊಸೆ ಆ ಪ್ರಿಂಟನ್ನು ಮಗುಚಿಟ್ಟಳು. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಕಸುಬಿನ ಚಟ ಕೆಟ್ಟದ್ದು. ಮುಖಕ್ಕೆ ಇನ್ನು ಮೂರೇ ಸೆಕೆಂಡು ಸಾಕೆಂದು ಕೈ ತುರಿಸುತ್ತಿತ್ತು.

ಹನ್ನೆರಡು ಸೆಕೆಂಡು. ಟ್ರೇಯ ದ್ರಾವಣದಲ್ಲಿ ಮುಖ ಮೂಡಿತು. ಗಂಡನದೇ ಹಣೆ, ಗಂಡನದೇ ಗಲ್ಲ. ಕಣ್ಣುಗಳು ಕ್ಯಾಮೆರಾದತ್ತ ಇರಲಿಲ್ಲ. ನೇರ ಅವಳನ್ನೇ ನೋಡುತ್ತಿದ್ದವು. ನೋಡುತ್ತಿದ್ದಂತೆ ಆಕೃತಿ ಮಾಸಿತು. ಬೂಟು ಹೋಯಿತು. ಕೈ ಹೋಯಿತು. ಮನುಷ್ಯನಿದ್ದಲ್ಲಿ ಮನುಷ್ಯನಷ್ಟೇ ಬಿಳಿ ಉಳಿಯಿತು.

ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟರು.

ತಿರುಗುವಷ್ಟರಲ್ಲಿ ಜುಟ್ಟು ಅವನ ಮುಷ್ಟಿಯಲ್ಲಿತ್ತು. ಮುಖ ಟ್ರೇಯಲ್ಲಿ ಮುಳುಗಿತು. ಕಣ್ಣು ಉರಿಯಿತು. ಬಾಯಿ ತುಂಬ ಕಹಿ. ಎತ್ತಿದ. ಮತ್ತೆ ಮುಳುಗಿಸಿದ. ಮೂಗಿನ ಮೂಳೆ ಲಟಕ್ಕೆಂದಿತು. ಅವಳು ಒದ್ದಳು. ಕಾಲು ತಣ್ಣನೆಯ ಮಾಂಸಕ್ಕೆ ತಾಗಿತು. ಅವಳ ಬಲಗೈಯನ್ನು ಮೇಜಿನ ಮೇಲಿನ ಕಾಗದ ಕತ್ತರಿಸುವ ಯಂತ್ರದತ್ತ ಎಳೆದ. ಅವಸರವಿರಲಿಲ್ಲ ಅವನಿಗೆ. ಬೆರಳು ಒಂದೊಂದಾಗಿ ಬಿಡಿಸಿ ಅಂಚಿಗಿಟ್ಟ. ಅಲಗು ಇಳಿಯಿತು. ಎರಡು ಬೆರಳು ನೆಲಕ್ಕೆ ಬಿದ್ದ ಸದ್ದು ಅವಳಿಗೇ ಕೇಳಿಸಿತು. ಕೂಗು ಹೊರಬಂದದ್ದು ಆಮೇಲೆ.

ಬಾಗಿಲಿನ ಹಳೆಯ ಚಿಲಕ ಕಿತ್ತು ಬಂತು. ಅತ್ತೆ. ಒಮ್ಮೆ ನೋಡಿದಳು. ಬಾಗಿಲನ್ನು ಹಿಂದಕ್ಕೆ ಒದ್ದು ಮುಚ್ಚಿ ಅವನ ಸೊಂಟಕ್ಕೆ ತೆಕ್ಕೆಬಿದ್ದಳು. ಅವನು ಅವಳ ಸೊಟ್ಟ ತೋಳನ್ನು ತಿರುಚಿದ. ಮೂಳೆ ಮುರಿಯಿತು. ಅವಳು ಬಿಡಲಿಲ್ಲ. ಅವನ ಕೊರಳನ್ನು ಹಲ್ಲಲ್ಲಿ ಕಚ್ಚಿ, ದೂಡಿ, ಅವನ ಕೈಯನ್ನು ತನ್ನ ಕೈಯ ಜೊತೆಗೇ ಟ್ರೇಯೊಳಗಿನ ಆ ಬಿಳಿಗೆ ಒತ್ತಿದಳು. ಕಾಗದ ಇಬ್ಬರನ್ನೂ ಮೊಣಕೈವರೆಗೆ ನುಂಗಿತು.

“ದೊಡ್ಡ ಲೈಟ್ ಹಾಕೇ! ಪೂರ್ತಿ ಕಪ್ಪಾಗ್ಲಿ!”

“ಅತ್ತೆ, ನೀವು...”

“ಹಾಕೇ ಮಗಳೇ!”

ಅವಳನ್ನು ಅತ್ತೆ ಮಗಳೇ ಎಂದದ್ದು ಅದೇ ಮೊದಲು. ಸೊಸೆ ಮೊಣಕೈಯಿಂದ ಸ್ವಿಚ್ಚು ಗುದ್ದಿದಳು. ಕಣ್ಣು ಕೋರೈಸುವ ಬೆಳಕು. ಕಾಗದ ಅಂಚಿನಿಂದ ಅಂಚಿಗೆ ಕಪ್ಪಿಟ್ಟಿತು. ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು.

ಗಂಡ ಬಂದಾಗ ಅವಳು ರಕ್ತದಲ್ಲಿ ಕೂತಿದ್ದಳು. ಅವನು ಅಂಗಿ ಹರಿದು ಅವಳ ಕೈಗೆ ಕಟ್ಟುತ್ತ ಎಲ್ಲ ಕೇಳಿದ. ನಂಬಲಿಲ್ಲ. ಎನ್ಲಾರ್ಜರಿನಿಂದ ನೆಗೆಟಿವ್ ತೆಗೆದು ದೀಪಕ್ಕೆ ಹಿಡಿದ. ಕುರ್ಚಿ ಖಾಲಿ. ಮಗು ಒಂದೇ ಕೂತಿತ್ತು. ಹಿಂದಿನ ನೆರಳಿನಲ್ಲಿ ತೆಳ್ಳಗೆ ಎರಡು ಆಕೃತಿಗಳು. ಕೋಟು ತೊಟ್ಟದ್ದು ಇನ್ನೊಂದರ ತಲೆಯನ್ನು ಗೋಡೆಗೆ ಅಪ್ಪಳಿಸುತ್ತಿತ್ತು. ಮತ್ತೆ. ಮತ್ತೆ.

“ಅಮ್ಮ ಇದ್ದಾಳೆ,” ಎಂದ ಅವನು. “ನೀನು ಅವನನ್ನ ತೆಗೆದ ಹಾಗೇ ನಾನು ಅವಳನ್ನ ತೆಗೀತೀನಿ. ಕಾಗದ ಕೊಡು.”

“ಅವಳೊಬ್ಬಳೇ ಬರಲ್ಲ ರೀ. ಈ ಸಲ ನಿಮ್ಮನ್ನ ಕೊಲ್ತಾನೆ.”

“ಕೊಲ್ಲಲಿ. ಅಲ್ಲಿ ಹೆತ್ತವಳು ಸಾಯ್ತಿದ್ದಾಳೆ, ಇಲ್ಲಿ ನಾನು ನೋಡ್ಕೊಂಡು ನಿಂತಿರ್ಲಾ?”

“ಸಾಯ್ತಿಲ್ಲ,” ಎಂದಳು ಅವಳು. “ಇಷ್ಟು ವರ್ಷವಾದ್ರೂ ಅವನು ಸತ್ನಾ? ಅಲ್ಲಿ ಸಾವಿಲ್ಲ. ಇದು ಹೀಗೇ ನಡೀತಾ ಇರುತ್ತೆ.”

ಅವನು ನೆಗೆಟಿವನ್ನು ಮೇಜಿನ ಮೇಲಿಟ್ಟು ಕಾಗದದ ಡಬ್ಬಿಗೆ ಕೈ ಚಾಚಿದ. ಅವಳು ಎಡಗೈಯಲ್ಲಿ ನೆಗೆಟಿವನ್ನೆತ್ತಿ, ಚಿತ್ರ ಮೂಡಿಸಿದ ಬೆಳ್ಳಿಯನ್ನೇ ಕರಗಿಸುವ ಹಳದಿ ದ್ರಾವಣಕ್ಕೆ ಹಾಕಿದಳು. ಅದರಲ್ಲಿ ನೆರಳೇ ಮೊದಲು ಕರಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಬರಿಗೈ ಮುಳುಗಿಸಿ ಹೊರಗೆಳೆದಾಗ ಅರ್ಧ ನಿಮಿಷವೂ ಆಗಿರಲಿಲ್ಲ. ದೀಪಕ್ಕೆ ಹಿಡಿದ. ಮಗುವಿನ ಹಿಂದೆ ಬರೀ ಗಾಜಿನಂಥ ಬಯಲು.

“ನನ್ನ ಅಮ್ಮನ್ನ ಕೊಂದೆ ನೀನು.”

ಅವಳು ಅವನ ಮುಖವನ್ನೇ ನೋಡಿದಳು, ಅವನ ಅಪ್ಪನದೇ ಹಣೆ, ಅಪ್ಪನದೇ ಗಲ್ಲ.

“ಹೌದು,” ಎಂದಳು.