ಉಳಿದರ್ಧ ಪ್ರಾರ್ಥನೆ

ಕಿವಿಯಾರೆ ಕೇಳಿದ್ದನ್ನಷ್ಟೇ ಹೇಳುತ್ತೇನೆ. ೧೯೬೬ರ ಮೇ ತಿಂಗಳು, ಬರೋಡಾದ ರೈಲ್ವೆ ಕ್ವಾರ್ಟರ್ಸು. ಪಕ್ಕದ ಮನೆಯ ನರ್ಸ್, ಮಂಗಳೂರಿನ ಫೆಲ್ಸಿ ಬಾಯಿಯ ಗಂಡ ಯುದ್ಧದಲ್ಲಿ ಕಾಣೆಯಾಗಿ ಎಂಟು ತಿಂಗಳಾಗಿತ್ತು. ಆದರೂ ದಿನಾ ಸಂಜೆ ಜಪಸರ ಹಿಡಿದು, ಇಬ್ಬರು ಅರ್ಧರ್ಧ ಹಂಚಿಕೊಂಡು ಹೇಳುವ ಪ್ರಾರ್ಥನೆಯ ಮೊದಲರ್ಧ ಹೇಳಿ, ಗಂಡ ಹೇಳಬೇಕಾದ ಉಳಿದರ್ಧಕ್ಕೆ ಕಾಯುತ್ತಿದ್ದಳು.

ಒಂದು ಸಂಜೆ ಆ ಮೌನದಲ್ಲಿ, ಗೋಡೆಯಾಚೆ ಉಳಿದರ್ಧ ಹೇಳುವ ಗಂಡಸಿನ ದನಿ ಕೇಳಿತು. ಅಂಥ ಸೆಕೆಯಲ್ಲೂ ನಮ್ಮ ನಡುವಿನ ಗೋಡೆ ತಣ್ಣಗೆ ಕೊರೆಯುತ್ತಿತ್ತು. ನನಗೆ ಹೊಟ್ಟೆ ಉರಿಯಿತು. ನಮ್ಮವರು ಎದುರಿಗೇ ಪೇಪರು ಓದುತ್ತ ಕೂತಿದ್ದರು. ಕರೆದರೂ ‘ಹ್ಞೂಂ’ ಅನ್ನುವವರಲ್ಲ.

ಮರುದಿನ ಅವಳಿಗಿಂತ ಮೊದಲೇ ಗೋಡೆಗೆ ಬಾಯಿಟ್ಟು, ಕೇಳಿ ಕೇಳಿ ಬಾಯಿಪಾಠವಾಗಿದ್ದ ಆ ಮೊದಲರ್ಧವನ್ನು ನಾನೇ ಹೇಳಿದೆ. ಉತ್ತರ ನನ್ನ ಬೆನ್ನ ಹಿಂದಿನಿಂದ ಬಂತು.

ಅಂದಿನಿಂದ ಆಚೆ ಮನೆಯಲ್ಲಿ ಆ ದನಿಯಿಲ್ಲ.

“ಸುಮ್ನೆ ಕಾಯೋಕೆ ಬೇಜಾರಾಗಲ್ವಾ ಬಾಯಿ?” ಎಂದು ಒಂದು ದಿನ ಅವಳನ್ನು ಕೇಳಿದೆ.

“ಎಂತ ಬೇಜಾರು ಮಾರಾಯ್ತಿ? ಇವತ್ತಲ್ಲದಿದ್ರೆ ನಾಳೆ ಹೇಳ್ತಾರೆ. ದೇವರು ಇದ್ದಾನಲ್ಲ!” ಎಂದು ನಕ್ಕಳು.

ಆ ಸಂಜೆಯೂ ಅವಳು ಅರ್ಧ ಹೇಳಿ ಕಾದಳು. ಉಳಿದರ್ಧ ನಮ್ಮ ಅಡುಗೆಮನೆಯಿಂದ ಕೇಳಿತು.

ನಮ್ಮವರು ಪೇಪರು ಕೆಳಗಿಟ್ಟು ನನ್ನತ್ತ ನೋಡಿದರು. “ಯಾರೇ ಅದು, ಒಳಗೆ?”