ಅವನು ಆರಿಸಿದ ಎಣ್ಣೆ

“ನೀವು ಹಾಕಿದ ಎಣ್ಣಿ ನೀವ ತಗೀರಿ. ನನ್ನ ಕಣ್ಣ ಮುಂದ ತಗೀರಿ.”

ಗಡಹಿಂಗ್ಲಜದಲ್ಲಿ ಭರತೇಶನ ಗ್ಯಾರೇಜಿನ ಮುಂದೆ ಕೆಂಪು ಕಾರು ನಿಲ್ಲಿಸಿ ಇಳಿದ ರುಪಾಲಿ ಆಡಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಹೇಗಿದ್ದೀರಿ ಅನ್ನುವುದೂ ಇಲ್ಲ.

ಟ್ರ್ಯಾಕ್ಟರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಭರತೇಶ ತಲೆ ಎತ್ತಿದ. ಬೋಲ್ಟ್ ತಿರುಗಿಸುತ್ತಿದ್ದ ಪಾನಾ ಹಾಗೇ ನಿಂತಿತು.

ಆಕೆಯನ್ನು ನೋಡಿ ವರ್ಷವಾಗಿತ್ತು. ಸೊರಗಿದ್ದಾಳೆ... ಎಡಗೈಯ ಮಣಿಕಟ್ಟಿನ ಮೇಲೆ ಹೊಲಿಗೆಯ ಉದ್ದನೆಯ ಗುರುತು. ಅವನ ಕಣ್ಣು ಅಲ್ಲಿಗೇ ಹೋಯಿತು. ರುಪಾಲಿ ಓಢಣಿಯಿಂದ ಕೈ ಮುಚ್ಚಿಕೊಂಡಳು.

“ಇಂಥಾ ಗಾಡಿ ಕೆಲಸ ಬಿಟ್ಟೇನ್ರಿ,” ಅಂದ ಅವನು. “ಈಗ ಟ್ರ್ಯಾಕ್ಟರ್, ಕಬ್ಬಿನ ಟ್ರಕ್ ಅಷ್ಟ. ಕೊಲ್ಲಾಪುರದಾಗ ಛಲೋ ಗ್ಯಾರೇಜ್ ಭಾಳ ಅದಾವು.”

“ಗೊತ್ತೈತಿ. ಆದರ ನಾ ನಿಮ್ಮ ಕಡೇನ ಬಂದೇನಿ.”

ಅವನು ಪಾನಾ ಕೆಳಗಿಟ್ಟು ಎದ್ದ.

ಇಚಲಕರಂಜಿಯ ಪಕ್ಕದ ಯಡ್ರಾವದಲ್ಲಿ ರುಪಾಲಿಯ ತಂದೆ ಬಾಪೂಸಾಹೇಬರದು ಮಗ್ಗದ ಶೆಡ್ಡು. ಪವರ್‌ಲೂಮಿನ ಖಟಖಟ ಕೇಳುತ್ತ ಬೆಳೆದ ಹುಡುಗಿಗೆ ಕಾರು ಓಡಿಸುವ ಹುಚ್ಚು ಎಲ್ಲಿಂದ ಬಂತೋ, ಯಾರಿಗೂ ತಿಳಿಯದು. ನೆಂಟರು ನಕ್ಕರು. ಅಪ್ಪ ಮಾತ್ರ ನಗಲಿಲ್ಲ; ಮಗಳಿಗೆ ಓಟದ ಕಾರನ್ನೇ ತಂದುಕೊಟ್ಟರು. ಆ ಕಾರನ್ನು ಸ್ಪರ್ಧೆಗೆ ಸಜ್ಜು ಮಾಡಿದವನು ಭರತೇಶ. ಇಂಜಿನಿಯರಿಂಗ್ ಓದಿ, ಆಗ ಕೊಲ್ಲಾಪುರದಲ್ಲೇ ಗ್ಯಾರೇಜು ಇಟ್ಟಿದ್ದ.

ಕಾರಿನ ನೆಪದಲ್ಲಿ ಇಬ್ಬರೂ ಹತ್ತಿರವಾದರು. ಇಂಜಿನ್ನಿನ ಸದ್ದು ಕೇಳಿ ಅದರ ಕಷ್ಟ ತಿಳಿಯುವುದನ್ನು ಅವನು ಆಕೆಗೆ ಕಲಿಸಿದ. ಯಡ್ರಾವಕ್ಕೆ ಬಂದರೆ ಆಕೆಯ ತಾಯಿ ಸೋನಾಬಾಯಿ ರೊಟ್ಟಿ ತಿನ್ನಿಸದೆ ಕಳಿಸುತ್ತಿರಲಿಲ್ಲ. ಪ್ರೀತಿ ಅನ್ನುವ ಮಾತನ್ನು ಇಬ್ಬರೂ ಆಡಿರಲಿಲ್ಲ. ಆಡುವ ಅಗತ್ಯವೇ ಇಲ್ಲ ಅನ್ನುವಷ್ಟು ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಬಂತು ಆ ಚಳಿಗಾಲದ ಬೆಳಗು. ಕೊಲ್ಲಾಪುರದ ಹೊರಗಿನ ಬಯಲಿನಲ್ಲಿ ಓಟ. ಮೊದಲನೇ ಸುತ್ತಿನಲ್ಲೇ ಕಡಿದಾದ ತಿರುವು. ಮೂರನೇ ಗೇರಿನಿಂದ ಎರಡಕ್ಕೆ ಇಳಿಸಲು ರುಪಾಲಿ ಲಿವರ್ ಎಳೆದಳು... ಗೇರ್ ಬೀಳಲಿಲ್ಲ. ಕರಕರ ಅಂದಿತು, ಅಷ್ಟೆ. ಮತ್ತೆ ಎಳೆದಳು. ಅಷ್ಟರಲ್ಲಿ ಮಣ್ಣಿನ ಒಡ್ಡು ಎದುರಿಗೆ ಬಂದಿತ್ತು.

ಮಣಿಕಟ್ಟಿನ ಎಲುಬು ಮುರಿಯಿತು. ಒಳಗೆ ಲೋಹದ ಪಟ್ಟಿ ಕೂಡಿಸಿದರು.

ದವಾಖಾನೆಗೆ ಭರತೇಶ ಒಂದೇ ಸಲ ಬಂದ. ಬಾಗಿಲಲ್ಲೇ ನಿಂತು, “ತಪ್ಪು ನಂದ. ಗೇರ್ ಬಾಕ್ಸಿಗೆ ಆ ಎಣ್ಣಿ ಆರಿಸಿದಾಂವ ನಾನು,” ಅಂದ. ತಿರುಗಿ ನಡೆದುಬಿಟ್ಟ. ಆಮೇಲೆ ಫೋನ್ ಎತ್ತಲಿಲ್ಲ. ಕೊಲ್ಲಾಪುರದ ಗ್ಯಾರೇಜಿಗೆ ಬೀಗ ಹಾಕಿ ತನ್ನೂರು ಗಡಹಿಂಗ್ಲಜ ಸೇರಿಕೊಂಡ.

ಕೈ ಮುರಿದದ್ದನ್ನು ರುಪಾಲಿ ಎಂದೋ ಕ್ಷಮಿಸಿದ್ದಳು. ಬಿಟ್ಟು ಹೋದದ್ದನ್ನು... ಅದನ್ನು ಮಾತ್ರ ಆಗಲಿಲ್ಲ.

ಅಪಘಾತದ ನಂತರ ಕಾರಿನ ಮೈ ಸರಿಮಾಡಿಸಿ ತಾಡಪಾಲು ಹೊದಿಸಿ ಇಟ್ಟಿದ್ದರು. ಗೇರ್ ಬಾಕ್ಸ್ ಯಾರೂ ಮುಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ರುಪಾಲಿ ಆ ತಾಡಪಾಲು ಸರಿಸಿದಳು. ಎರಡನೇ ಗೇರ್ ಈಗಲೂ ಬೀಳುತ್ತಿರಲಿಲ್ಲ. ದಾರಿಯುದ್ದಕ್ಕೂ ಒಂದರಿಂದ ಮೂರಕ್ಕೆ ಹಾರಿಸುತ್ತ, ಕೈ ನೋವು ನುಂಗುತ್ತ ಇಲ್ಲಿಯತನಕ ಬಂದಿದ್ದಳು. ಅವನನ್ನು ಎದುರಿಗೆ ನಿಲ್ಲಿಸಿ ಒಂದು ಸಲ ಕೇಳಬೇಕಿತ್ತು, ಅಷ್ಟೆ.

ಭರತೇಶ ಕಾರನ್ನು ಮೇಲೆತ್ತಿ ಸ್ಟ್ಯಾಂಡ್ ಕೊಟ್ಟ. ಓಡಿ ಬಂದ ಗಾಡಿ, ಎಣ್ಣೆ ಬಿಸಿಯಿತ್ತು. ಇಳಿಯಲು ಅದೇ ಒಳ್ಳೆಯದು. ಮೊದಲು ಮೇಲಿನ, ಎಣ್ಣೆ ತುಂಬುವ ಬೋಲ್ಟ್ ಸಡಿಲಿಸಿದ. ಆಮೇಲೆ ಕೆಳಗಿನದಕ್ಕೆ ಪಾನಾ ಹಚ್ಚಿದ. ಅಡಿಯಲ್ಲಿ ತಗಡಿನ ಬೋಗುಣಿ ಹಿಡಿದ.

ಎಣ್ಣೆ ಬಿತ್ತು.

ಅವನು ಬಗ್ಗಿ ನೋಡಿದ.

ಅವನು ಹಾಕಿದ್ದು ತೆಳುವಾದ, ಜೇನಿನ ಬಣ್ಣದ ಎಣ್ಣೆ. ಈಗ ಇಳಿಯುತ್ತಿದ್ದದ್ದು ಕಾಕಂಬಿಯ ಹಾಗೆ ದಪ್ಪ, ಕಪ್ಪು. ಅದರಲ್ಲಿ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು. ಕೆಳಗಿನ ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಕಬ್ಬಿಣದ ಕೆಸರು ಹತ್ತಿತ್ತು. ಆ ಕೆಸರಿನೊಳಗೆ ಹತ್ತಿಯ ಎಳೆಗಳ ಒಂದು ಸಣ್ಣ ಸಿಂಬೆ.

ಭರತೇಶ ಲಗುಬಗೆಯಿಂದ ಬೋಲ್ಟನ್ನು ಅರಿವೆಯಲ್ಲಿ ಒರೆಸಿಬಿಟ್ಟ.

“ಹಳೇದಾಗಿತ್ರಿ,” ಅಂದ. “ಹಳೇದಾದ್ರ ಎಣ್ಣಿ ಹಿಂಗ ಆಗತೈತಿ.”

ಆದರೆ ರುಪಾಲಿ ನೋಡಿದ್ದಳು.

ಹತ್ತಿಯ ಎಳೆ ಯಾವುದೆಂದು ಯಡ್ರಾವದ ಮಗ್ಗದ ಮನೆಯ ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಶೆಡ್ಡಿನಲ್ಲಿ ಅದು ಗಾಳಿಯಲ್ಲೇ ಇರುತ್ತದೆ. ತಲೆಯ ಮೇಲೆ, ರೆಪ್ಪೆಯ ಮೇಲೆ, ಮೂಲೆಯ ಎಣ್ಣೆ ಡ್ರಮ್ಮಿನ ಬಾಯಿಗೆ. ಆ ಡ್ರಮ್ಮಿನ ಎಣ್ಣೆಯ ವಾಸನೆಯೂ ಆಕೆಗೆ ಗೊತ್ತು; ಈಗ ಮೂಗಿಗೆ ಬಡಿದದ್ದು ಅದೇ.

ಅಪ್ಪಾ...

ಆಕೆ ಗೋಡೆಗೆ ಕೈ ಊರಿ ನಿಂತಳು. ಭರತೇಶ ಇತ್ತ ನೋಡಲೇ ಇಲ್ಲ. ಕಪಾಟಿನ ಮುಂದೆ ಬೆನ್ನು ಮಾಡಿ ನಿಂತಿದ್ದ.

“ಯಾವುದು ಹಾಕ್ಲಿ, ನೀವ ಹೇಳ್ರಿ,” ಅಂದ. “ನಾ ಆರಿಸೂದು ಬಿಟ್ಟೇನಿ.”

ಗೇರ್ ಬದಲಾಗುವಾಗ ಒಳಗಿನ ಹಿತ್ತಾಳೆ ರಿಂಗು ಒಂದು ಕ್ಷಣ ಗೇರನ್ನು ಬಿಗಿಹಿಡಿದು ವೇಗ ಸರಿಹೊಂದಿಸಬೇಕು. ಎಣ್ಣೆ ವಿಪರೀತ ದಪ್ಪವಾದರೆ, ಅದರಲ್ಲೂ ಚಳಿಯಲ್ಲಿ, ಆ ಹಿಡಿತ ಸಿಗುವುದಿಲ್ಲ. ಇದನ್ನೆಲ್ಲ ಅವನೇ ಆಕೆಗೆ ಹೇಳಿಕೊಟ್ಟಿದ್ದ. ಆ ಓಟಕ್ಕಾಗಿ ಅವನು ತಿಂಗಳುಗಟ್ಟಲೆ ಯೋಚಿಸಿ ಎಣ್ಣೆ ಆರಿಸಿದ್ದೂ ಆಕೆಗೆ ಗೊತ್ತಿತ್ತು.

ಕಪಾಟಿನ ಹಿಂದಿನ ಸಾಲಿನಲ್ಲಿ ಅದೇ ಡಬ್ಬಿಗಳು ಕೂತಿದ್ದವು. ಬಾಯಿ ಒಡೆಯದೆ. ಕೊಲ್ಲಾಪುರದಿಂದ ತಂದವನು ಬಳಸಿರಲಿಲ್ಲ, ಎಸೆದೂ ಇರಲಿಲ್ಲ.

“ಅವತ್ತ ಹಾಕಿದ್ದನ್ನ ಹಾಕ್ರಿ,” ಅಂದಳು ರುಪಾಲಿ.

ಭರತೇಶ ತಿರುಗಿದ.

“ಅದು ಬ್ಯಾಡ್ರಿ...”

“ಯಾಕ? ತಪ್ಪು ಅದರದಲ್ಲ. ಆ ಹತ್ತಿ ನಮ್ಮ ಶೆಡ್ಡಿಂದು. ನೀವೂ ನೋಡಿದ್ರಿ, ನಾನೂ ನೋಡೇನಿ.”

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಇಷ್ಟು ದಿನ ತನ್ನದೇ ತಪ್ಪು ಎಂದು ನಂಬಿ ಬದುಕಿದವನಿಗೆ, ಅದು ತನ್ನದಲ್ಲ ಎಂದು ತಿಳಿದ ಹೊತ್ತಿನಲ್ಲಿ ಸಮಾಧಾನ ಆಗಬೇಕಿತ್ತು. ಆಗಿರಲಿಲ್ಲ. ಅವನ ಕಣ್ಣ ಮುಂದೆ ಬಂದದ್ದು ಬಾಪೂಸಾಹೇಬರ ಮುಖ.

“ಕಾಕಾಗೋಳಿಗೆ ಹೇಳಬ್ಯಾಡ್ರಿ,” ಅಂದ. “ನಿಮ್ಮ ಸಲುವಾಗಿ ಮಾಡ್ಯಾರ ಅವರು. ಗೊತ್ತಾದ್ರ ತಡಕೊಳ್ಳೂದಿಲ್ಲ. ನಂದ ತಪ್ಪು ಅಂತ ಇರ್ಲಿ. ನನಗ ರೂಢಿ ಆಗೈತಿ.”

“ನನಗ?” ಅಂದಳು ರುಪಾಲಿ. “ನಿಮ್ಮನ್ನ ಬೈಕೊಂತ ಬದುಕೂದು ನನಗೂ ರೂಢಿ ಆಗಬೇಕೇನು? ಒಂದ ಮಾತು ಕೇಳದನ ಯಾಕ ಹೋದ್ರಿ?”

ಅವನು ಎದ್ದು ಕಪಾಟಿನಿಂದ ಅದೇ ಡಬ್ಬಿ ತೆಗೆದ. ತಲೆ ತಗ್ಗಿಸಿ ಡಬ್ಬಿಯ ಬಾಯಿ ಒಡೆದ. ಪೈಪು ಹಚ್ಚಿ ನಿಧಾನವಾಗಿ ತುಂಬಿದ. ಮೇಲಿನ ತೂತಿನ ಅಂಚಿಗೆ ಬಂದು ಎಣ್ಣೆ ಹನಿಯುವತನಕ ಕಾದ, ಬೋಲ್ಟ್ ಬಿಗಿದ. ರಿಂಗು ಸವೆದಿದೆ, ಮುಂದೊಂದು ದಿನ ಬದಲಿಸಬೇಕಾಗುತ್ತದೆ, ಮನೆ ಮುಟ್ಟಲು ತೊಂದರೆಯಿಲ್ಲ ಅಂದ.

ಊರ ಹೊರಗೆ ಬಂದು ರುಪಾಲಿ ಮೂರರಿಂದ ಎರಡಕ್ಕೆ ಇಳಿಸಿದಳು. ಕೊಂಚ ತಡೆದಂತಾಗಿ ಗೇರ್ ಬಿತ್ತು. ಆಕೆಗೆ ದಾರಿ ಕಾಣದ ಹಾಗೆ ಕಣ್ಣೀರು ಬಂತು. ಕಾರು ಬದಿಗೆ ನಿಲ್ಲಿಸಿ ಅತ್ತಳು.

ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಏನೂ ಹೇಳಬಾರದು ಎಂದು ನಿಶ್ಚಯಿಸಿಯೇ ರುಪಾಲಿ ತಾಟಿನ ಮುಂದೆ ಕೂತಿದ್ದಳು. ಕಾರು ಎಲ್ಲಿಗೆ ಒಯ್ದಿದ್ದೆ ಎಂದು ಬಾಪೂಸಾಹೇಬರು ಕೇಳಿದರು. ಆಕೆ ನಿಜ ಹೇಳಿದಳು.

ಅಪ್ಪನ ಮುಖ ಕೆಂಪಾಯಿತು. “ಅಂವಾ ಮತ್ತ ಮುಟ್ಟಿದನಾ ಗಾಡಿ? ದವಾಖಾನ್ಯಾಗ ಅವತ್ತ ಅವನ ಕಡಿಂದ ಜಿನದೇವರ ಆಣಿ ಮಾಡಿಸೇನಿ, ನನ್ನ ಮಗಳ ನೆರಳಿಗೂ ಬರೂದಿಲ್ಲ ಅಂತ!”

ರುಪಾಲಿಯ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು.

ಹೀಗೋ... ಹಾಗಾದರೆ ಅವನಾಗಿ ಹೋಗಿರಲಿಲ್ಲ! ಮಾತು ಕೊಟ್ಟಿದ್ದ, ಮಾತು ಉಳಿಸಿಕೊಂಡಿದ್ದ. ಇವತ್ತು ನಾನು ಅಷ್ಟು ಕೇಳಿದರೂ ಅಪ್ಪನ ಹೆಸರು ಎತ್ತಲಿಲ್ಲ.

ಇನ್ನು ಸುಮ್ಮನಿರಲು ಆಕೆಯಿಂದ ಆಗಲಿಲ್ಲ. ಆದರೂ ದನಿ ಏರಿಸಲಿಲ್ಲ.

“ಅಪ್ಪಾ, ಓಟದ ಮುಂಚೆ ನೀವು ಗೇರ್ ಬಾಕ್ಸಿನ ಎಣ್ಣಿ ಬದಲಿಸಿದ್ರೇನು?”

“ಹೌದು, ಮತ್ತ?” ಬಾಪೂಸಾಹೇಬರು ಅನುಮಾನವೇ ಇಲ್ಲದೆ ಅಂದರು. “ನೀರಿನಂಗ ತೆಳ್ಳಗ ಇತ್ತು ಅಂವಾ ಹಾಕಿದ್ದು. ನನ್ನ ಮಗಳು ಕೂಡೂ ಗಾಡಿ. ಮಲ್ಲಾರಿ ಕೈಲೆ ತಗಿಸಿ ನಮ್ಮ ಡ್ರಮ್ಮಿನ ಛಲೋ ದಪ್ಪ ಎಣ್ಣಿ ಹಾಕಿಸಿದೆ. ಮಗ್ಗದ ಗೇರು ಅದರ ಮ್ಯಾಲ ಎಷ್ಟ ವರ್ಷ ನಡದಾವು...”

ಮಲ್ಲಾರಿ ಎಂದರೆ ಶೆಡ್ಡಿನ ಮಿಸ್ತ್ರಿ. ಮಾತು ಅಲ್ಲಿಗೇ ನಿಂತಿತು. ಮಗಳ ಮುಖ ನೋಡಿದರು. ಆಮೇಲೆ ಆಕೆಯ ಮಣಿಕಟ್ಟು ನೋಡಿದರು.

ಸೋನಾಬಾಯಿ ಗಂಡನ ಬೆನ್ನ ಮೇಲೆ ಕೈ ಇಟ್ಟರು. ಬಾಪೂಸಾಹೇಬರು ತಾಟು ಸರಿಸಿ ಎದ್ದರು, ಶೆಡ್ಡಿಗೆ ಹೋಗಿ ಆ ಡ್ರಮ್ಮಿನ ಪಕ್ಕ ಕೂತರು. ರುಪಾಲಿ ಹೋಗಿ ಅವರ ಕಾಲ ಹತ್ತಿರ ಕೂತಳು. ಅವರು ಮಗಳ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸದ ಹಾಗೆ ಅತ್ತರು.

ಮರುದಿನ ಬೆಳಿಗ್ಗೆ ಅವರೇ ಅಂಗಿ ತೊಟ್ಟು ಕಾರಿನ ಬಳಿ ನಿಂತಿದ್ದರು. “ನಡಿ ಬಾಳಾ. ಗಡಹಿಂಗ್ಲಜಕ್ಕ ಹೋಗೂಣು.”

ರುಪಾಲಿಯೇ ಕಾರು ಓಡಿಸಿದಳು.

ಭರತೇಶ ಇವರನ್ನು ಕಂಡು ಎದ್ದು ನಿಂತ. ಬಾಪೂಸಾಹೇಬರು ಅವನ ಮುಂದೆ ಕೈ ಮುಗಿಯಲು ಹೋದರು. ಅವನು ಓಡಿ ಬಂದು ಆ ಕೈಗಳನ್ನು ಹಿಡಿದು ಕೆಳಗಿಳಿಸಿದ, ಹಾಗೆ ಮಾಡಬೇಡಿ ಅಂದ.

“ಆ ಆಣಿ ನಾ ಹಿಂದ ತಗೋತೇನಿ,” ಅಂದರು ಬಾಪೂಸಾಹೇಬರು. “ಮಾಡಿಸಿದ್ದ ತಪ್ಪು. ಇನ್ನ ನೀನು, ಅಕಿ... ನಿಮಗ ಬಿಟ್ಟದ್ದು.”

ಅವರು ರಸ್ತೆ ದಾಟಿ ಚಹಾದ ಅಂಗಡಿಯ ಕಡೆ ನಡೆದರು.

ಗ್ಯಾರೇಜಿನಲ್ಲಿ ಇಬ್ಬರೇ ಉಳಿದರು. ಭರತೇಶ ಕೈ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ಹೇಳಿಬಿಟ್ರಿ ನೀವು...”

“ಹೇಳಿದೆ. ನಿಮ್ಮದ ತಪ್ಪು ಅನ್ನೂ ಸುಳ್ಳಿನ ಮ್ಯಾಲ ನಿಮ್ಮನ್ನ ಕಳಕೊಂಡೇನಿ. ಇನ್ನೊಂದು ಸುಳ್ಳು ನನ್ನ ಕೈಲೆ ಆಗೂದಿಲ್ಲ.”

ಅವನು ಹತ್ತಿರ ಬಂದ. ಈ ಸಲ ಆಕೆ ಕೈ ಮುಚ್ಚಿಕೊಳ್ಳಲಿಲ್ಲ. ಆ ಹೊಲಿಗೆಯ ಗುರುತನ್ನು ಅವನು ಬೆರಳ ತುದಿಯಿಂದ ಮುಟ್ಟಿದ, ನೋಯುತ್ತದೆಯೋ ಎಂಬಂತೆ.

“ನನ್ನ ಸಿಟ್ಟು ಇನ್ನೂ ಹೋಗಿಲ್ರಿ,” ಅಂದಳು ರುಪಾಲಿ. ಕಣ್ಣು ತುಂಬಿತ್ತು. “ಆಣಿ ಮಾಡೂ ಮುಂಚೆ ನನ್ನ ಕೇಳಬೇಕಿತ್ತು ನೀವು.”

“ಕೇಳಬೇಕಿತ್ತು. ನನಗ ನೀವು ಬೇಕ್ರಿ ರುಪಾಲಿ. ಅವತ್ತೂ ಬೇಕಾಗಿದ್ರಿ. ಸಿಟ್ಟೂ ಇರ್ಲಿ... ನೀವೂ ಇರ್ರಿ.”

“ಎಲ್ಲೀತನಕ?”

“ಸಾಕಾತು, ಹೋಗು ಅಂತ ನೀವು ಅನ್ನೂತನಕ.”

ಆಕೆ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನಾ ಅನ್ನೂದಿಲ್ಲ,” ಅಂದಳು.