ಹೊಗೆಯ ನೆಪ

ಟೇಲರಮ್ಮನಿಗೆ ಒಲೆ ಹಚ್ಚಲು ಬರುವುದಿಲ್ಲ ಎಂದು ನಂಬಿದ್ದವನು ಜಗತ್ತಿನಲ್ಲಿ ಆ ಒಲೆ ಕೂರಿಸಿದ ಮೇಸ್ತ್ರಿಯೊಬ್ಬನೇ. ಅವಳಿಗೆ ಬೇಕಾಗಿದ್ದವನೂ ಅವನೊಬ್ಬನೇ.

ಚಳಿಗೆಂದು ಹೊಲಿಗೆ ಕೋಣೆಯಲ್ಲಿ ಆ ಸೌದೆ ಒಲೆ ಕೂರಿಸಿದ ದಿನವೇ ಅವನು ಎಲ್ಲ ಹೇಳಿಕೊಟ್ಟಿದ್ದ. ಮೊದಲು ಹೊಗೆಕೊಳವೆಯ ಮುಚ್ಚಳ ಪೂರ್ತಿ ತೆರೆಯಬೇಕು. ಹೊತ್ತಿಸಿದ ಕಾಗದ ಕೊಳವೆಯ ಬಾಯಿಗೆ ಹಿಡಿದು, ಹೊಗೆ ಮೇಲೇರುತ್ತಿದೆಯೇ ನೋಡಿ, ಆಮೇಲೆ ಪುಳ್ಳೆಗೆ ಬೆಂಕಿ. ಹಸಿ ಸೌದೆ ಬೇಡ, ಬಟ್ಟೆ ಚೂರು ಹತ್ತಿರ ಸುಳಿಯಬಾರದು. ಅವಳು ಹೂಂಗುಟ್ಟುತ್ತಾ ಮಸಿ ಹತ್ತಿದ ಅವನ ಹುಬ್ಬನ್ನೇ ನೋಡುತ್ತಿದ್ದಳು. ಆದರೂ ಒಂದಕ್ಷರ ಬಿಡದೆ ಕಲಿತಿದ್ದಳು.

ಕಲಿತೆ ಎಂದುಬಿಟ್ಟರೆ ಅವನು ಮತ್ತೆ ಬರುವುದೇಕೆ? ಅದಕ್ಕೇ ಮುಚ್ಚಳ ಅರ್ಧ ಮುಚ್ಚಿ, ಕೋಣೆಗೆ ಒಂದಿಷ್ಟು ಹೊಗೆ ಬಿಟ್ಟುಕೊಂಡು ಫೋನ್ ಮಾಡುತ್ತಿದ್ದಳು. ಅವನು ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಿದ್ದ.

"ಮತ್ತೆ ಮುಚ್ಚಳ ತೆಗೀಲಿಲ್ವಾ ಟೇಲರಮ್ಮ?"

"ಮರೆತೇ ಹೋಯ್ತು."

"ಹೊಲಿಗೆಯಲ್ಲಿ ಮಾತ್ರ ಏನೂ ಮರೆಯಲ್ಲ."

"ನಿಮ್ಮ ಅಂಗೀದೊಂದು ಗುಂಡಿ ಬಿದ್ದಿದೆ. ಬಿಚ್ಚಿಕೊಡಿ, ಹಾಕ್ತೀನಿ."

ಅವನ ಕಿವಿ ಕೆಂಪಾಯಿತು. ಕೊನೆಗೆ ಬಿಚ್ಚದೆ, ತೊಟ್ಟ ಅಂಗಿಗೇ ಅವಳು ಗುಂಡಿ ಹಾಕಿದಳು. ಹಲ್ಲಿನಿಂದ ದಾರ ಕಡಿಯುವಾಗ ಇಬ್ಬರೂ ಉಸಿರು ಬಿಡಲಿಲ್ಲ.

ಆಮೇಲೊಂದು ಮಧ್ಯಾಹ್ನ, ಕರೆಯದೆಯೇ ಬಂದ. ಕೈಯಲ್ಲಿ ಇಟ್ಟಿಗೆಯ ಚೀಲ, ಬಗಲಲ್ಲಿ ಕರೆಂಟಿನ ಹೀಟರ್.

"ಒಲೆ ಕಿತ್ತು, ಕೊಳವೆ ಮುಚ್ಚಿಬಿಡ್ತೀನಿ. ನಿಮಗಿದು ಆಗಿಬರಲ್ಲ."

"ಯಾಕೆ? ಏನಾಯ್ತು?"

"ನಮ್ಮ ಅಕ್ಕ ಹೋಗಿದ್ದು ಇಂಥ ಹೊಗೇಲೇ. ಕಿಟಕಿ ಹಾಕ್ಕೊಂಡು ಮಲಗಿದ್ಲು, ಏಳಲೇ ಇಲ್ಲ." ಅವನು ಚೀಲ ಕೆಳಗಿಟ್ಟ. "ನಿಮ್ಮ ಫೋನ್ ಬಂದಾಗಲೆಲ್ಲ ಜೀವ ಕೈಯಲ್ಲಿ ಹಿಡ್ಕೊಂಡು ಬರ್ತೀನಿ. ನಿಮ್ಮನ್ನೂ ಕಳ್ಕೊಳ್ಳೋದು ನನ್ನಿಂದಾಗಲ್ಲ."

ಅವಳು ಇಷ್ಟು ದಿನ ಕಾದಿದ್ದು ಆ ಮಾತಿಗೇ. ಸುಮ್ಮನಿದ್ದಿದ್ದರೆ ಅವನು ಅವಳವನಾಗುತ್ತಿದ್ದ. ಆದರೆ ಸತ್ತ ಅಕ್ಕನ ಸುದ್ದಿ ಕೇಳಿದ ಮೇಲೆ ಆ ಸುಳ್ಳನ್ನು ಮುಂದುವರಿಸಲು ಅವಳಿಂದಾಗಲಿಲ್ಲ.

ಅವಳು ಒಲೆಯ ಮುಂದೆ ಮಂಡಿಯೂರಿದಳು. ಮುಚ್ಚಳ ತೆರೆದಳು, ಕಾಗದ ಹೊತ್ತಿಸಿ ಕೊಳವೆ ಬಿಸಿ ಮಾಡಿದಳು, ಪುಳ್ಳೆಗೆ ಬೆಂಕಿ ಕೊಟ್ಟಳು. ಉರಿ ಹಿಡಿದ ಮೇಲೆ ಒಣ ಸೌದೆಯಿಟ್ಟು ಒಲೆಯ ಬಾಗಿಲು ಮುಚ್ಚಿದಳು. ಒಂದೆಳೆ ಹೊಗೆ ಹೊರಗೆ ಬರಲಿಲ್ಲ.

ಅವನು ಕಣ್ಣು ಮಿಟುಕಿಸದೆ ನೋಡಿದ. "ಯಾವಾಗ ಕಲಿತ್ರಿ?"

"ಮೊದಲ ದಿನಾನೇ."

"ಮತ್ತೆ ಆ ಹೊಗೆಯೆಲ್ಲ?"

"ನೀವು ಬರಲಿ ಅಂತ."

"ಸುಮ್ನೆ ಬಾ ಅಂದಿದ್ರೂ ಬರ್ತಿದ್ನಲ್ಲ."

"ಈಗ ಕರೀತೀನಿ. ನೀವಂದ್ರೆ ನಂಗೆ ಪ್ರಾಣ. ನಾಳೆ ಬನ್ನಿ, ಕೆಲಸ ಏನೂ ಇಲ್ಲ, ಸುಮ್ನೆ ಬನ್ನಿ."

ಅವನು ಇಟ್ಟಿಗೆಯ ಚೀಲವನ್ನೂ ಹೀಟರನ್ನೂ ಎತ್ತಿಕೊಂಡ. ಕೋಪವಿದ್ದಿದ್ದರೆ ಅವಳು ಕಾಲು ಹಿಡಿದಾದರೂ ನಿಲ್ಲಿಸುತ್ತಿದ್ದಳು. ಆ ಮುಖದಲ್ಲಿ ಇದ್ದದ್ದು ಬರೀ ಸುಸ್ತು.

"ಇನ್ನು ನಿಮ್ಮ ಫೋನ್ ಬಂದ್ರೆ, ನಿಜಾನೋ ಸುಳ್ಳೋ ಅಂತ ಒಂದು ಗಳಿಗೆ ಯೋಚಿಸ್ತೀನಿ. ಆ ಗಳಿಗೇಲೇ ನಿಮಗೇನಾದ್ರೂ ಆದ್ರೆ ನಾನು ಬದುಕಲ್ಲ. ನಾನಿನ್ನು ಬರಲ್ಲ. ವರ್ಷಕ್ಕೊಂದ್ಸಲ ಕೊಳವೆಯ ಮಸಿ ತೆಗೆಯೋಕೆ ನನ್ನ ಜೊತೆಗಾರ ಬರ್ತಾನೆ."

ಅವಳು ಅಳುತ್ತಾ ತಲೆಯಾಡಿಸಿದಳು. ಹೊಸ್ತಿಲಲ್ಲಿ ಅವನು ತಿರುಗಿ, ತನ್ನ ಕೆಲಸದವರ ಕೆಲಸ ನೋಡುವಂತೆ ಉರಿಯನ್ನು ಒಮ್ಮೆ ನೋಡಿದ.

"ಚೆನ್ನಾಗಿ ಹಚ್ಚಿದ್ದೀರಿ," ಎಂದು ಹೇಳಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ.